ಅಂದಾನಯ್ಯನವರನ್ನು ಒಪ್ಪಿಕೊಂಡ ಟ್ರಾಕ್ಟರು

ನಮ್ಮ ಪಾಂಡವಪುರದ ಸುತ್ತಮುತ್ತ ಹಳೇ ಟ್ರಾಕ್ಟರು ಕೊಳ್ಳುವವರು ಹೊಂದಿಸಿಕೊಳ್ಳಬೇಕಾದದ್ದು ಎರಡು: ದುಡ್ಡು ಮತ್ತು ಅಂದಾನಯ್ಯನವರು. ದುಡ್ಡು ಹೇಗೋ ಆಗುತ್ತದೆ. ಅಂದಾನಯ್ಯನವರಿಗಾದರೆ ಹಿಂದಿನ ದಿನವೇ ಹೋಗಿ ಹೇಳಿ ಬರಬೇಕು, ಬೆಳಿಗ್ಗೆ ಕಾರು ಕಳಿಸಬೇಕು, ಮುಂದಿನ ಸೀಟು ಖಾಲಿ ಬಿಟ್ಟಿರಬೇಕು, ದಾರಿಯಲ್ಲಿ ತಟ್ಟೆ ಇಡ್ಲಿ ತಿನ್ನಿಸಬೇಕು. ಇಷ್ಟೆಲ್ಲ ಆದ ಮೇಲೆ ಅವರು ಟ್ರಾಕ್ಟರನ್ನು ಮೂರು ಸುತ್ತು ಸುತ್ತಿ, ಹೆಗಲ ಮೇಲಿನ ಟವೆಲ್ಲಿನಿಂದ ಕೈ ಒರೆಸಿಕೊಂಡು, ಒಂದೇ ಒಂದು ಮಾತು ಹೇಳುತ್ತಾರೆ.

"ಬ್ಯಾಡ."

ಅಲ್ಲಿಗೆ ಮುಗಿಯಿತು. ಮಾರುವವನು ಎಷ್ಟು ಆಣೆ ಪ್ರಮಾಣ ಮಾಡಿದರೂ ಅಂದಾನಯ್ಯನವರ ಬ್ಯಾಡಕ್ಕೆ ಮೇಲಿನ ಕೋರ್ಟು ಇಲ್ಲ. ಕೊಳ್ಳಲು ಬಂದವನು ಸುಮ್ಮನೆ ಕಾರು ಹತ್ತುತ್ತಾನೆ. ವಾಪಸ್ ಬರುವಾಗ, ದೊಡ್ಡ ಗಂಡಾಂತರದಿಂದ ಪಾರಾದವನ ಹಾಗೆ, ಅವರಿಗೆ ಇನ್ನೊಂದು ಸಲ ಕಾಫಿ ಕುಡಿಸುತ್ತಾನೆ.

ಅವರ ಕೀರ್ತಿಯ ಗುಟ್ಟು ಏನೆಂದು ನಾನು ಬಹಳ ದಿನ ಯೋಚಿಸಿದ್ದೇನೆ. ಕಾಲೇಜಿನಲ್ಲಿ ಪಾಠ ಹೇಳುವವನಿಗೆ ಯೋಚನೆ ಮಾಡಲು ಬೇಕಾದಷ್ಟು ಪುರುಸೊತ್ತು ಇರುತ್ತದೆ. ಹೂಂ ಅಂದವನ ಮಾತು ಒಂದಲ್ಲ ಒಂದು ದಿನ ಗದ್ದೆಯ ಮಧ್ಯದಲ್ಲಿ ಕೆಟ್ಟು ನಿಲ್ಲುತ್ತದೆ. ಬ್ಯಾಡ ಅಂದವನ ಮಾತು ಎಲ್ಲೂ ಕೆಟ್ಟು ನಿಲ್ಲುವುದಿಲ್ಲ, ಯಾಕೆಂದರೆ ಅದನ್ನು ಯಾರೂ ಮನೆಗೆ ಹೊಡೆದುಕೊಂಡು ಹೋಗಿರುವುದಿಲ್ಲ. ಬೆಳಗೊಳದ ರವೀಂದ್ರ ಎಂಬವನೊಬ್ಬ ಮಾತ್ರ ಹಟ ಹಿಡಿದು, ಅಂದಾನಯ್ಯನವರು ಬ್ಯಾಡ ಅಂದ ಟ್ರಾಕ್ಟರನ್ನೇ ಕೊಂಡ. ಅದು ಇವತ್ತಿಗೂ ಕಬ್ಬು ತುಂಬಿಕೊಂಡು ಅವರ ಮುಂದೆಯೇ ಗುಡುಗುತ್ತಾ ಹೋಗುತ್ತದೆ. ಹೋದಾಗಲೆಲ್ಲ ಅಂದಾನಯ್ಯನವರು ಅದರ ಹೊಗೆಯನ್ನು ಕಣ್ಣು ಕಿರಿದು ಮಾಡಿ ನೋಡಿ, "ನೋಡವ, ಇನ್ನೂ ಟೇಮದೆ" ಎನ್ನುತ್ತಾರೆ.

ಜೀವಮಾನದಲ್ಲಿ ಅವರು ಹೂಂ ಅಂದದ್ದು ಒಂದೇ ಸಲ, ಅದೂ ಟ್ರಾಕ್ಟರಿಗಲ್ಲ, ಎತ್ತಿಗೆ. ಆಗಿನ್ನೂ ಅವರ ಮೀಸೆ ಕಪ್ಪಗಿತ್ತು. ಹೆಂಡತಿಯ ಅಣ್ಣನಿಗಾಗಿ ಕೆ.ಆರ್.ಪೇಟೆ ಸಂತೆಯಲ್ಲಿ ಸುಳಿ, ಹಲ್ಲು, ಗೊರಸು ಎಲ್ಲ ನೋಡಿ, ಬೆನ್ನು ತಟ್ಟಿ, ಭೇಷಾಗದೆ ಹಿಡ್ಕೋ ಅಂದಿದ್ದರು. ಆ ಎತ್ತು ಸಂತೆಯಿಂದ ನೇರವಾಗಿ ಬಸ್ ಸ್ಟ್ಯಾಂಡಿಗೆ ಬಂದು, ಬಸ್ಸುಗಳು ಒಳಗೆ ತಿರುಗುವ ಜಾಗ ನೋಡಿಕೊಂಡು ಮಲಗಿಬಿಟ್ಟಿತು. ಏಳಲಿಲ್ಲ. ಮೇಲುಕೋಟೆ ಬಸ್ಸು, ಹಾಸನದ ಬಸ್ಸು, ಎಲ್ಲ ನಿಂತವು. ಹೆಂಡತಿಯ ಕಡೆಯವರ ಮದುವೆಗಳಲ್ಲಿ ಎಲೆ ಹಾಕಿ ಉಪ್ಪು ಬಡಿಸುವಷ್ಟರಲ್ಲಿ ಯಾರಾದರೊಬ್ಬರು ಈ ಕಥೆ ತೆಗೆಯುತ್ತಾರೆ. ಅಂದಿನಿಂದ ಅಂದಾನಯ್ಯನವರು ಹೂಂ ಎಂಬ ಪದವನ್ನು ಊಟಕ್ಕೆ ಕರೆದಾಗ ಮಾತ್ರ ಉಪಯೋಗಿಸುತ್ತಾರೆ.

ಇಂಥವರ ಮನೆಯಲ್ಲಿ ಟ್ರಾಕ್ಟರು ಇರಲಿಲ್ಲ ಎಂದರೆ ಯಾರಿಗೂ ಆಶ್ಚರ್ಯವಾಗುತ್ತಿರಲಿಲ್ಲ. ಕೊಳ್ಳುವ ಶಕ್ತಿ ಇತ್ತು, ನಾಲೆ ಬಯಲಿನಲ್ಲಿ ಗದ್ದೆ ಇತ್ತು. ಅವರ ಪರೀಕ್ಷೆಯಲ್ಲಿ ಪಾಸಾದ ಟ್ರಾಕ್ಟರು ಮಾತ್ರ ಇರಲಿಲ್ಲ. ಹೊಸದನ್ನು ಕೊಳ್ಳಬಹುದಿತ್ತು. ಆದರೆ ಹೊಸದನ್ನು ಕೊಳ್ಳಲು ಜಾಣತನ ಏಕೆ ಬೇಕು, ಯಾರು ಬೇಕಾದರೂ ಶೋರೂಮಿಗೆ ಹೋಗಿ ಕೊಳ್ಳಬಹುದು ಎಂಬುದು ಅವರ ಅಭಿಪ್ರಾಯ.

ಇದನ್ನೆಲ್ಲ ಸಹಿಸಿಕೊಂಡಿದ್ದ ಅವರ ಹೆಂಡತಿ ಸರಸಮ್ಮ ಹೋದ ವರ್ಷದ ನಾಟಿಯಲ್ಲಿ ಸಹಿಸುವುದನ್ನು ನಿಲ್ಲಿಸಿದರು.

ಆದದ್ದು ಇಷ್ಟೇ. ನಾಲೆಗೆ ನೀರು ಬಿಟ್ಟರು. ಬಯಲಿನ ಗದ್ದೆಗಳೆಲ್ಲ ಕೆಸರಾದವು, ನಾಟಿಯಾದವು. ಅಂದಾನಯ್ಯನವರ ಗದ್ದೆ ಮಾತ್ರ ನೀರು ತುಂಬಿಕೊಂಡು ಕನ್ನಡಿಯಂತೆ ಹೊಳೆಯುತ್ತಾ ನಿಂತಿತು. ಒಟ್ಲಲ್ಲಿ, ಅಂದರೆ ಸಸಿಮಡಿಯಲ್ಲಿ, ಪೈರು ಬೆಳೆದು, ಕೀಳುವವರಿಲ್ಲದೆ ಬಾಗತೊಡಗಿತು. ಬಾಡಿಗೆಗೆ ಉಳುವ ರಾಮು ಇವತ್ತು ಬತ್ತೀನಿ, ನಾಳೆ ಬತ್ತೀನಿ ಅನ್ನುತ್ತಾ ಎಲ್ಲರ ಗದ್ದೆಗೂ ಹೋದ, ಇವರ ಗದ್ದೆಗೆ ಕಟ್ಟಕಡೆಗೆ ಬಂದ. ಕಾರಣ ಊರಿಗೆಲ್ಲ ಗೊತ್ತಿತ್ತು. ರಾಮು ತನ್ನ ಟ್ರಾಕ್ಟರು ಮಾರಿ ದೊಡ್ಡದು ತರಬೇಕೆಂದಿದ್ದ. ಕೆ.ಆರ್.ಪೇಟೆಯ ಪಾರ್ಟಿ ಬಂದಿತ್ತು, ಮಾತೂ ಮುಗಿದಿತ್ತು. ಆ ಪಾರ್ಟಿ ಜೊತೆಗೆ ಮುಂದಿನ ಸೀಟಿನಲ್ಲಿ ಅಂದಾನಯ್ಯನವರನ್ನು ಕೂರಿಸಿಕೊಂಡು ಬಂದಿತ್ತು. ಸ್ವಂತ ಊರಿನವನು, ವರಸೆಯಲ್ಲಿ ಅಳಿಯ ಎಂದು ಕೂಡ ನೋಡದೆ ಇವರು ಟವೆಲ್ಲಿನಿಂದ ಕೈ ಒರೆಸಿಕೊಂಡಿದ್ದರು.

ಸರಸಮ್ಮ ಗಂಡನಿಗೆ ಮುದ್ದೆ ಬಡಿಸುತ್ತಾ, ದನಿ ಏರಿಸದೆ ಹೇಳಿದರಂತೆ: "ಸೀಮೆ ಟ್ರಾಕ್ಟ್ರಿಗೆಲ್ಲ ಬ್ಯಾಡ ಅಂದೋರ ಗದ್ದೆಗೆ ಯಾವ್ ಟ್ರಾಕ್ಟ್ರು ತಾನೆ ಓಡೋಡಿ ಬತ್ತದೆ? ಬರೋ ವರ್ಸ ನಾಲೆ ನೀರು ನಮ್ಮ ತೂಬಿಗೆ ಬರೋದ್ರೊಳ್ಗೆ ಹಟ್ಟಿ ಮುಂದೆ ಟ್ರಾಕ್ಟ್ರು ನಿಂತಿರ್ಬೇಕು. ಇಲ್ದಿದ್ರೆ ಗದ್ದೆ ಪಾಲಿಗೆ ಕೊಟ್ಟು ನಾನು ಅಣ್ಣನ ಮನೆಗೆ ಓಯ್ತೀನಿ. ಎತ್ತಿನ ಕಥೆ ಕೇಳ್ಕೊಂಡು ಅಲ್ಲೇ ಇರ್ತೀನಿ."

ಕೊನೆಯ ವಾಕ್ಯ ತಾಗಬೇಕಾದಲ್ಲಿ ತಾಗಿತು. ಬೇಸಿಗೆ ಬಂದದ್ದೇ ಅಂದಾನಯ್ಯನವರು ತಮಗಾಗಿ ಟ್ರಾಕ್ಟರು ನೋಡಲು ಹೊರಟರು.

ಕಾರು ನನ್ನದು. ಈ ಕಾರನ್ನು ನಾನು ಕೊಳ್ಳುವಾಗಲೂ ಅವರು ಬ್ಯಾಡ ಅಂದಿದ್ದರು. ನಾನು ಕೇಳಿರಲಿಲ್ಲ. ಆದರೂ ದೊಡ್ಡ ಮನಸ್ಸು ಮಾಡಿ ಮುಂದಿನ ಸೀಟಿನಲ್ಲಿ ಕೂರುತ್ತಿದ್ದರು, ಎಂಜಿನ್ನಿನಿಂದ ಏನಾದರೂ ಸದ್ದು ಬಂದರೆ ನನ್ನ ಮುಖ ನೋಡುತ್ತಿದ್ದರು. ಹಿಂದಿನ ಸೀಟಿನಲ್ಲಿ ಸರಸಮ್ಮ. ಇವರೊಬ್ಬರನ್ನೇ ಕಳಿಸಿದರೆ ಏನಾಗುತ್ತದೆಂದು ಗೊತ್ತಿದ್ದರಿಂದ ಅವರು ಪ್ರತಿಸಲವೂ ಬರುತ್ತಿದ್ದರು. ತೊಡೆಯ ಮೇಲೆ ಒಂದು ದಪ್ಪ ಬಟ್ಟೆಚೀಲ. ಬುತ್ತಿಯಿರಬೇಕು ಎಂದು ನಾನು ಆಸೆಪಟ್ಟದ್ದುಂಟು. ಆದರೆ ಅದನ್ನು ಅವರು ಎಲ್ಲೂ ಬಿಚ್ಚಲಿಲ್ಲ. ಹೇಗೆ ತಂದಿದ್ದರೋ ಹಾಗೇ ವಾಪಸ್ ಒಯ್ಯುತ್ತಿದ್ದರು.

ಅಂದಾನಯ್ಯನವರ ಪರೀಕ್ಷಾ ವಿಧಾನವನ್ನು ನಾನು ಹತ್ತಿರದಿಂದ ಕಂಡದ್ದು ಆಗಲೇ. ಮೊದಲು ಜೇಬಿನಿಂದ ಒಂದು ಅಯಸ್ಕಾಂತ ತೆಗೆದು ಮಡ್‌ಗಾರ್ಡಿನ ಉದ್ದಕ್ಕೂ ಆಡಿಸುತ್ತಾರೆ. ತಗಡಾದರೆ ಅಂಟುತ್ತದೆ, ತೂತಿಗೆ ಪುಟ್ಟಿ ಮೆತ್ತಿ ಬಣ್ಣ ಬಳಿದಿದ್ದರೆ ಅಂಟುವುದಿಲ್ಲ. ಆಮೇಲೆ ಎಂಜಿನ್ ಆಯಿಲಿನ ಕಡ್ಡಿ ಎಳೆದು ಮೂಗಿನ ಹತ್ತಿರ ಹಿಡಿಯುತ್ತಾರೆ, ತುಪ್ಪದ ವ್ಯಾಪಾರಿ ಹಿಡಿದ ಹಾಗೆ. ಮುಂದಿನ ಚಕ್ರವನ್ನು ಅಲುಗಿಸಿ, ಆಟವಿದೆಯೇ ನೋಡುತ್ತಾರೆ. ಟೈರಿನ ಹಲ್ಲುಗಳನ್ನು ಎತ್ತಿನ ಹಲ್ಲು ನೋಡುವಂತೆಯೇ ಬಗ್ಗಿ ನೋಡುತ್ತಾರೆ. ಕೊನೆಯದು ನಾಣ್ಯ. ಎಂಜಿನ್ ಓಡುತ್ತಿರುವಾಗ ಬಾನೆಟ್ಟಿನ ಮೇಲೆ ಒಂದು ದಪ್ಪನೆಯ ಹಳೇ ಐದು ರೂಪಾಯಿ ನಾಣ್ಯವನ್ನು ಅಂಚಿನ ಮೇಲೆ ನಿಲ್ಲಿಸುತ್ತಾರೆ. ನಾಣ್ಯ ಬಿದ್ದರೆ ಎಂಜಿನ್ನು ನಡುಗುತ್ತಿದೆ ಎಂದರ್ಥ. ಬೀಳದ ನಾಣ್ಯವನ್ನು ನಾನು ಕಂಡಿಲ್ಲ. ಗಾಳಿಗೂ ಬೀಳುತ್ತದೆ. ಒಂದು ಸಲ ಮಾರುವವನು ಸೀನಿದ್ದಕ್ಕೂ ಬಿತ್ತು.

ಇನ್ನೊಂದು ವಿಷಯವನ್ನೂ ನಾನು ಗಮನಿಸಿದೆ. ಅಂದಾನಯ್ಯನವರು ಯಾವ ಟ್ರಾಕ್ಟರನ್ನೂ ತಾವು ಹತ್ತಿ ಓಡಿಸುತ್ತಿರಲಿಲ್ಲ. "ನೀವು ಓಡ್ಸಿ, ನಾನು ಕೆಳಗಿದ್ದು ಕೇಳ್ತೀನಿ" ಎನ್ನುತ್ತಿದ್ದರು. ಮೇಲೆ ಕೂತವನಿಗೆ ಎಂಜಿನ್ನಿನ ನಿಜವಾದ ದನಿ ಕೇಳಿಸುವುದಿಲ್ಲವಂತೆ. ಇದು ನನಗೆ ಬಹಳ ಗಂಭೀರವಾದ ತತ್ವವಾಗಿ ಕಂಡಿತ್ತು.

ಶ್ರೀರಂಗಪಟ್ಟಣದ ಹತ್ತಿರ ಒಂದು ಕೆಂಪು ಟ್ರಾಕ್ಟರು ನೋಡಿದೆವು. ಅಯಸ್ಕಾಂತ ಅಂಟಲಿಲ್ಲ, ಬ್ಯಾಡವಾಯಿತು. ಕೆ.ಆರ್.ಪೇಟೆ ದಾರಿಯಲ್ಲಿ ಒಂದು ನೀಲಿ. ಎಲ್ಲ ಸರಿಯಿತ್ತು, ಬಣ್ಣ ಹೊಸದಾಗಿತ್ತು. ಹೊಸ ಬಣ್ಣ ಬಳಿದವನು ಏನನ್ನೋ ಮುಚ್ಚಿಟ್ಟಿರುತ್ತಾನೆ, ಬ್ಯಾಡ. ಮುಂದಿನ ವಾರ ಇನ್ನೊಂದಕ್ಕೆ ಬಣ್ಣವೇ ಇರಲಿಲ್ಲ. ಬಣ್ಣ ಬಳಿಯದವನು ಆಯಿಲು ತಾನೆ ಬದಲಾಯಿಸಿರುತ್ತಾನೆಯೇ? ಬ್ಯಾಡ. ಹಿಂದಿನ ಸೀಟಿನಲ್ಲಿ ಸರಸಮ್ಮ ಚೀಲವನ್ನು ತೊಡೆಯ ಮೇಲೆ ಸರಿಮಾಡಿಕೊಂಡು ಕಿಟಕಿಯ ಹೊರಗೆ ನಾಲೆಯನ್ನು ನೋಡುತ್ತಿದ್ದರು. ನಾಲೆ ಇನ್ನೂ ಒಣಗಿತ್ತು. ಆದರೆ ಮುಂಗಾರಿನ ಎರಡು ಮಳೆ ಬಿದ್ದಾಗಿತ್ತು.

ಆಗ ಬಂದದ್ದು ನಾಗಮಂಗಲದ ಸುದ್ದಿ. ಅಲ್ಲಿಂದ ಆಚೆಗೆ ಒಂದು ಹಳ್ಳಿಯಲ್ಲಿ ಸೋಮಮ್ಮ ಎಂಬುವರ ಟ್ರಾಕ್ಟರು ಇದೆ, ವಯಸ್ಸು ಇಪ್ಪತ್ತು ದಾಟಿದ್ದರೂ ಒಂದೇ ಕೈಯಲ್ಲಿ ಓಡಿದೆ ಎಂದು ಯಾರೋ ಹೇಳಿದರು. ಒಂದೇ ಕೈ ಎಂದರೆ ಸೋಮಮ್ಮನವರದೇ ಕೈ. ಗಂಡನಿಗೆ ಆಫೀಸಿನ ಕೆಲಸ. ಬೇಸಾಯ, ಟ್ರಾಕ್ಟರು, ಬೈಗುಳ, ಮೂರೂ ಈಯಮ್ಮನ ಇಲಾಖೆ. ಹೊಲದಲ್ಲಿ ಹಾಕಿದ ತೆಂಗಿನ ಸಸಿಗಳು ಮರಗಳಾಗಿ, ಸಾಲುಗಳ ನಡುವೆ ದೊಡ್ಡ ಗಾಡಿ ತಿರುಗಿಸಲು ಜಾಗವಿಲ್ಲದ್ದರಿಂದ ಇದನ್ನು ಕೊಟ್ಟು ಸಣ್ಣದು ತರಬೇಕೆಂದಿದ್ದರು.

ನಾವು ಹೋದಾಗ ಸೋಮಮ್ಮನವರು ಜಗಲಿಯ ಮೇಲೆ ಕೂತು ತೆಂಗಿನಗರಿ ಸೀಳುತ್ತಿದ್ದರು. ಐವತ್ತೈದರ ಹೆಂಗಸು, ಗಟ್ಟಿ ಮೈ. ಸೀರೆಯ ಮೇಲೆ ಗಂಡನ ಹಳೇ ಉದ್ದ ತೋಳಿನ ಶರಟು ಹಾಕಿಕೊಂಡಿದ್ದರು. ಟ್ರಾಕ್ಟರು ಹುಣಸೆಮರದ ಕೆಳಗೆ ನಿಂತಿತ್ತು. ಬಣ್ಣ ಮಾಸಿತ್ತು, ಆದರೆ ಮೈ ತೊಳೆದಿತ್ತು. ಸೀಟಿನ ಮೇಲೆ ಗೋಣಿ ಮಡಿಸಿ ಹೊಲಿದ ಮೆತ್ತೆ.

ಅಂದಾನಯ್ಯನವರು ತಮ್ಮ ಕೆಲಸ ಶುರುಮಾಡಿದರು. ಸೋಮಮ್ಮನವರು ಗರಿ ಸೀಳುವುದನ್ನು ನಿಲ್ಲಿಸದೆ ನೋಡುತ್ತಿದ್ದರು. ಅಯಸ್ಕಾಂತ ಎಲ್ಲ ಕಡೆಯೂ ಟಪ್ಪೆಂದು ಅಂಟಿತು. ಆಯಿಲು ಸ್ವಚ್ಛವಾಗಿತ್ತು. ಮುಂದಿನ ಚಕ್ರ ಅಲುಗಲಿಲ್ಲ. ಅಂದಾನಯ್ಯನವರ ಹಣೆಯಲ್ಲಿ ಬೆವರು ಕಾಣಿಸಿಕೊಂಡಿತು. ಕಾಗದಪತ್ರ ಕೇಳಿದರು. ಸೋಮಮ್ಮನವರು ಒಳಗಿಂದ ತಂದು ಕೊಟ್ಟರು. ಎಂಜಿನ್ ಮೇಲಿನ ನಂಬರಿಗೂ ಆರ್‌ಸಿಯ ನಂಬರಿಗೂ ತಾಳೆಯಾಯಿತು. ಸೋಮಮ್ಮನವರು ಸೆಲ್ಫ್ ಹೊಡೆದು ಎಂಜಿನ್ ಶುರುಮಾಡಿದರು. ಅಂದಾನಯ್ಯನವರು ನಾಣ್ಯ ನಿಲ್ಲಿಸಿದರು. ನಾಣ್ಯ ಸ್ವಲ್ಪ ಯೋಚನೆ ಮಾಡಿ, ನಿಂತೇ ಇತ್ತು.

ನಾನು ಅವರ ಮುಖ ನೋಡಿದೆ. ಪರೀಕ್ಷೆಯಲ್ಲಿ ನಕಲು ಹಿಡಿಯಲು ಹೋದ ಮೇಷ್ಟ್ರಿಗೆ ಎಲ್ಲ ಹುಡುಗರೂ ಸತ್ಯವಂತರಾಗಿ ಕಂಡರೆ ಹೇಗಾಗುತ್ತದೋ ಹಾಗಾಗಿತ್ತು. ತಪ್ಪೇ ಇಲ್ಲದ ಟ್ರಾಕ್ಟರಿನ ಮುಂದೆ ಅವರು ಮೊದಲ ಸಲ ನಿಂತಿದ್ದರು. ಹೂಂ ಎನ್ನಬೇಕಿತ್ತು. ಆದರೆ ಕೈ ತನ್ನಷ್ಟಕ್ಕೆ ತಾನೇ ಹೆಗಲ ಟವೆಲ್ಲಿನ ಕಡೆಗೆ ಹೊರಟಿತು. ಹಿಂದೆ ನಿಂತಿದ್ದ ಸರಸಮ್ಮ ಅದನ್ನು ಕಂಡರು.

ಅಷ್ಟರಲ್ಲಿ ಸೋಮಮ್ಮನವರು ಮಚ್ಚು ಕೆಳಗಿಟ್ಟು ಬಂದರು. ನೀವು ನೋಡಿದ್ದಾಯ್ತಲ್ಲ, ಈಗ ನಾನು ಒಸಿ ನೋಡಬೇಕು ಎಂದರು. ಶುರುವಾದವು ಪ್ರಶ್ನೆಗಳು. ನಿಲ್ಲಿಸಲು ಸೂರು ಉಂಟಾ, ಬಿಸಿಲಲ್ಲೇ ಬಿಡುತ್ತೀರಾ? ಗದ್ದೆ ಕೆಸರಿನಿಂದ ಬಂದ ಮೇಲೆ ತೊಳೆಯುವವರು ಯಾರು? ಕಬ್ಬು ಹೊರಿಸುತ್ತೀರಾ, ಹೊರಿಸಿದರೆ ಎಷ್ಟು ಹೊರಿಸುತ್ತೀರಿ? ಹಿಂದಿನ ಕಾಲದಲ್ಲಿ ಸಾಕಿದ ಎತ್ತು ಮಾರುವವರು ಕೊಳ್ಳುವವನ ಹಟ್ಟಿ, ಹುಲ್ಲು, ಮನೆಯವರ ಗುಣ ಎಲ್ಲ ವಿಚಾರಿಸುತ್ತಿದ್ದ ರೀತಿಯೇ ಇದು. ಅಂದಾನಯ್ಯನವರಿಗೆ ಇನ್ನೊಬ್ಬರನ್ನು ವಿಚಾರಿಸಿ ಅಭ್ಯಾಸವಿತ್ತೇ ಹೊರತು ವಿಚಾರಿಸಿಕೊಂಡು ಅಭ್ಯಾಸವಿರಲಿಲ್ಲ. ಗಂಟಲು ಸರಿಮಾಡಿಕೊಂಡು, ಪಾಂಡವಪುರದ ಕಡೆ ಯಾರನ್ನಾದರೂ ನನ್ನ ಬಗ್ಗೆ ಕೇಳಿ ನೋಡಿ ಎಂದರು.

"ಅವ್ರನ್ನ ಯಾಕೆ ಕೇಳ್ಳಿ, ನೀವೇ ಇದ್ದೀರಲ್ಲ" ಎಂದರು ಸೋಮಮ್ಮ. "ಹತ್ತಿ. ಒಂದು ಸುತ್ತು ಓಡ್ಸಿ ತೋರ್ಸಿ."

ಅಂದಾನಯ್ಯನವರು ತಮ್ಮ ತತ್ವವನ್ನು ವಿವರಿಸಿದರು. ತಾವು ಓಡಿಸುವವರಲ್ಲ, ಕೆಳಗೆ ನಿಂತು ಎಂಜಿನ್ನಿನ ದನಿ ಕೇಳುವವರು.

"ಕೇಳೋರಿಗೆ ಕೊಡಕ್ಕೆ ಇದೇನು ರೇಡಿಯೋನಾ ಅಣ್ಣ?"

ಸರಸಮ್ಮ ಸೆರಗು ಬಾಯಿಗೆ ಒತ್ತಿಕೊಂಡರು. ಬೇರೆ ದಾರಿ ಕಾಣದೆ ಅಂದಾನಯ್ಯನವರು ಪಂಚೆ ಎತ್ತಿ ಕಟ್ಟಿ ಮೇಲೆ ಹತ್ತಿದರು. ಅವರಿಗೆ ಓಡಿಸಲು ಬರುವುದೇ ಇಲ್ಲವೆಂದಲ್ಲ. ಎಂದೋ ಯಾರದೋ ಕಣದಲ್ಲಿ ಓಡಿಸಿದ್ದರಂತೆ. ಆ ಕಣಕ್ಕೂ ಈ ಹುಣಸೆಮರಕ್ಕೂ ನಡುವೆ ಬಹಳ ವರ್ಷಗಳು ಹೋಗಿದ್ದವು. ಕ್ಲಚ್ಚು ತುಳಿದರು, ಗೇರು ಹಾಕಿದರು, ಮುಂದೆ ನೋಡುತ್ತಾ ಗಂಭೀರವಾಗಿ ಕ್ಲಚ್ಚು ಬಿಟ್ಟರು. ಟ್ರಾಕ್ಟರು ಹಿಂದಕ್ಕೆ ಹೊರಟಿತು. ಅವರು ಮುಂದಕ್ಕೇ ನೋಡುತ್ತಿದ್ದರು. ಮುಖದ ಗಾಂಭೀರ್ಯ ಸ್ವಲ್ಪವೂ ಕಡಿಮೆಯಾಗಲಿಲ್ಲ. ಹಿತ್ತಿಲ ತಿಪ್ಪೆಗೆ ಎರಡು ದೊಡ್ಡ ಚಕ್ರಗಳು ಹೋಗಿ ಕೂತು, ಎಂಜಿನ್ನು ಬಿಕ್ಕಳಿಸಿ ನಿಂತಿತು. ತಿಪ್ಪೆಯ ಮೇಲಿದ್ದ ಕೋಳಿಗಳು ನಾಗಮಂಗಲದ ದಿಕ್ಕಿಗೆ ಓಡಿದವು.

ಸೋಮಮ್ಮನವರು ತಿಪ್ಪೆಯನ್ನು ನೋಡಿದರು, ಟ್ರಾಕ್ಟರನ್ನು ನೋಡಿದರು, ಮೇಲೆ ಕೂತಿದ್ದವರನ್ನು ನೋಡಿದರು. ಶರಟಿನ ತೋಳಿಗೆ ಕೈ ಒರೆಸಿಕೊಂಡರು.

"ಬ್ಯಾಡ ಬುಡಿ" ಎಂದರು.

ನಾಲ್ಕು ತಾಲ್ಲೂಕಿನಲ್ಲಿ ಅಷ್ಟು ಜನರಿಗೆ ಹೇಳಿದ ಮಾತು ಅಂದಾನಯ್ಯನವರ ಕಿವಿಗೆ ಬಿದ್ದದ್ದು ಅದೇ ಮೊದಲು. ಅದು ಕೇಳುವವರಿಗೆ ಹೇಗಿರುತ್ತದೆ ಎಂದು ಅವರಿಗೆ ಗೊತ್ತಿರಲಿಲ್ಲವೆಂದು ತೋರುತ್ತದೆ. ಇಳಿದು ಬಂದವರೇ, ಗಾಡಿಯಲ್ಲಿ ದೋಷವಿಲ್ಲ, ನೀವು ಹೇಳುವ ಬೆಲೆಗೆ ಒಪ್ಪುತ್ತೇನೆ, ಕಾಗದ ಇವತ್ತೇ ಮಾಡಿಸೋಣ ಎಂದು ಒಂದೇ ಉಸಿರಿನಲ್ಲಿ ವಾದಿಸತೊಡಗಿದರು. ಅರ್ಧ ಗಂಟೆ ಮುಂಚೆ ಹೂಂ ಎನ್ನಲು ಬಾಯಿ ಬರದಿದ್ದವರು ಇವರೇ. ಸೋಮಮ್ಮನವರು ಕದಲಲಿಲ್ಲ. ಮಾಸಿದ ಗಾಡಿಯಾದರೂ ಸಾಕಿದ್ದೇನೆ, ಗೇರು ಗೊತ್ತಿಲ್ಲದವರ ಕೈಗೆ ಕೊಟ್ಟು ಆಮೇಲೆ ಕೊರಗಲಾರೆ ಎಂದು ಮತ್ತೆ ಗರಿಯ ಕಡೆಗೆ ತಿರುಗಿದರು.

ಆಗ ಸರಸಮ್ಮ ಮುಂದೆ ಬಂದು ಜಗಲಿಯ ಮೇಲೆ ಅವರ ಪಕ್ಕ ಕೂತರು. ಒಂದು ಗರಿ ಎತ್ತಿಕೊಂಡು ತಾವೂ ಸೀಳತೊಡಗಿದರು. ಹೋದ ವರ್ಷ ಒಟ್ಲಲ್ಲಿ ಪೈರು ಬಲಿತದ್ದು, ರಾಮು ಕಟ್ಟಕಡೆಗೆ ಬಂದದ್ದು, ಅವನು ಹಾಗೆ ಮಾಡಲು ಇವರೇ ಕಾರಣವಾದದ್ದು, ಎಲ್ಲ ಹೇಳಿದರು. ಎತ್ತಿನ ಕಥೆಯನ್ನೂ ಬಿಡಲಿಲ್ಲ. ಸೋಮಮ್ಮನವರು ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಅಂದಾನಯ್ಯನವರು ಹುಣಸೆಮರದ ಎಲೆಗಳನ್ನು ನೋಡುತ್ತಾ ನಿಂತಿದ್ದರು.

ಕೊನೆಗೆ ಸೋಮಮ್ಮನವರು ಒಂದು ಷರತ್ತು ಹೇಳಿದರು. ತೆಂಗಿನ ತೋಟದ ಪಕ್ಕ ರಾಗಿಹೊಲ ಬೀಳು ಬಿದ್ದಿದೆ, ಹದವಾಗಿದೆ. ಅದನ್ನು ಈ ಗಾಡಿಯಲ್ಲೇ ಉತ್ತು ತೋರಿಸಲಿ. ನೇರಕ್ಕೆ ಉತ್ತರೆ ಕೊಡುತ್ತೇನೆ.

ಅಂದಾನಯ್ಯನವರು ಬಾಯಿ ತೆರೆಯುವುದರೊಳಗೆ ಸರಸಮ್ಮ ಹೇಳಿಬಿಟ್ಟರು: "ಉಳ್ತಾರೆ ಬುಡಿ ಅಕ್ಕ. ಬ್ಯಾಡ ಅನ್ನಕ್ಕೆ ಅವ್ರಿಗೆ ಈಗ ಧೈರ್ಯ ಇಲ್ಲ."

ಹೊಲಕ್ಕೆ ಹೋದೆವು. ಹೊರಡುವ ಮುಂಚೆ ಸೋಮಮ್ಮನವರು ಅಂದಾನಯ್ಯನವರ ಐದು ರೂಪಾಯಿ ನಾಣ್ಯವನ್ನು ಕೇಳಿ ಇಸಿದುಕೊಂಡು ಬಾನೆಟ್ಟಿನ ಮೇಲೆ ಇಟ್ಟರು. "ನಿಲ್ಸಾದು ಬ್ಯಾಡ, ನಿಮಗೋಸ್ಕರ ಮಲಗ್ಸೇ ಮಡಗ್ತೀನಿ. ಕ್ಲಚ್ಚು ಬುಡುವಾಗ ಬೀಳಬಾರ್ದು, ಅಷ್ಟೇಯ."

ನಾಣ್ಯ ಬಿತ್ತು. ಎತ್ತಿಟ್ಟರು. ಮತ್ತೆ ಬಿತ್ತು. ಸೋಮಮ್ಮನವರು ಪಕ್ಕದಲ್ಲಿ ನಡೆಯುತ್ತಾ, ಕಾಲು ಮೆತ್ತಗೆ ಎತ್ತಿ, ಮುಂದಿನ ಚಕ್ರ ನೋಡಬೇಡಿ, ಆಚೆ ಬದುವಿನ ಹೊಂಗೆಮರ ನೋಡಿ, ಈಗ ನೇಗಿಲಿನ ಲಿಫ್ಟು ಇಳಿಸಿ ಎಂದು ಹೇಳಿಕೊಡುತ್ತಿದ್ದರು. ಹೇಳಿಕೊಟ್ಟದ್ದಕ್ಕಿಂತ ಬೈದದ್ದು ಹೆಚ್ಚು. ಮೊದಲ ಸಾಲು ಹಾವು ಹೋದ ಹಾಗಿತ್ತು. ಎರಡನೆಯದು ಆ ಹಾವನ್ನು ಹುಡುಕಿಕೊಂಡು ಹೋದ ಹಾಗಿತ್ತು. ಬದುವಿನ ಮೇಲೆ ಆ ಊರಿನ ನಾಲ್ಕಾರು ಜನ ಕೂತು ಬೀಡಿ ಹಚ್ಚಿದರು. ಒಬ್ಬ ಮುದುಕ ನನ್ನನ್ನು, ಈ ಯಜಮಾನರು ಯಾವ ಇಲಾಖೆಯಿಂದ ತರಬೇತಿಗೆ ಬಂದವರು ಎಂದು ಕೇಳಿದ. ನಾಲ್ಕು ತಾಲ್ಲೂಕಿಗೆ ಟ್ರಾಕ್ಟರು ಪರೀಕ್ಷೆ ಮಾಡುವವರು ಎಂದೆ. ಅವನು ಹೊಲದ ಕಡೆ ಒಮ್ಮೆ ನೋಡಿ, ಅಂಗೆ ಕಾಣ್ತಾರೆ ಎಂದ.

ಆದರೆ ಹೊತ್ತು ಏರುತ್ತಿದ್ದಂತೆ ಒಂದು ಬದಲಾವಣೆ ಕಂಡಿತು. ಅಂದಾನಯ್ಯನವರ ಹೆಗಲ ಟವೆಲ್ಲು ತಲೆಗೆ ಹೋಯಿತು. ಸೆಟೆದಿದ್ದ ಬೆನ್ನು ಸ್ವಲ್ಪ ಬಾಗಿತು. ಬಾಯಿಯಲ್ಲಿ ಏನೋ ಗೊಣಗುತ್ತಿದ್ದರು. ಹತ್ತಿರ ಹೋದಾಗ ಕೇಳಿಸಿತು: ಎತ್ತು ಹೊಡೆಯುವಾಗ ಹೇಳುವ ಮಾತುಗಳು. ಹೋಯ್, ಬಲಕ್ಕೆ, ಬಾ ಬಾ. ಎತ್ತು ಕಟ್ಟಿ ಉಳುತ್ತಿದ್ದ ಕಾಲದಲ್ಲಿ ಅವರ ಸಾಲು ಊರಿಗೇ ನೇರ ಎಂದು ಆಮೇಲೆ ಸರಸಮ್ಮ ಹೇಳಿದರು. ಈಗ ಆ ಕಣ್ಣು ಎಲ್ಲಿಂದಲೋ ವಾಪಸ್ ಬಂದಿತ್ತು. ಸಾಲು ನೇರವಾಗತೊಡಗಿತು. ತಿರುವಿನಲ್ಲಿ ನಿಲ್ಲಿಸಿ, ಮತ್ತೆ ಹೊರಟಾಗ ನಾಣ್ಯ ಒಂದು ಸಲ ಜಾರಿತು, ಅಂಚಿಗೆ ಬಂದು ನಿಂತಿತು. ಬೀಳಲಿಲ್ಲ. ಬದುವಿನ ಮುದುಕ ಬೀಡಿ ಆರಿಸಿ ಎದ್ದು ನಿಂತು ನೋಡಿದ.

ಹೊಲ ಮುಗಿಯುವ ಹೊತ್ತಿಗೆ ಅಂದಾನಯ್ಯನವರ ಕಣ್ಣು ಹುಬ್ಬು ಎಲ್ಲ ಕೆಂಪು ಮಣ್ಣು. ಅವರು ಇಳಿದು ಬಂದು, ಎಂದೂ ಇಲ್ಲದಂತೆ, ಇನ್ನೊಬ್ಬರ ತೀರ್ಪಿಗಾಗಿ ಕೈಕಟ್ಟಿಕೊಂಡು ನಿಂತರು. ಸೋಮಮ್ಮನವರು ಹೊಲದ ಉದ್ದಕ್ಕೂ ನಿಧಾನವಾಗಿ ನಡೆದು ನೋಡಿದರು. ಮೊದಲ ಎರಡು ಸಾಲು ಕಂಡಾಗ ತಲೆ ಅಲ್ಲಾಡಿಸಿದರು. ಕೊನೆಯವಕ್ಕೆ ಬಂದಾಗ ಅಲ್ಲಾಡಿಸಲಿಲ್ಲ.

"ಹೂಂ" ಎಂದರು. "ಹೊಡ್ಕೊಂಡೋಗಿ."

ಊಟವಾಯಿತು. ಬೆಲೆಯ ಮಾತನ್ನು ಹೆಂಗಸರಿಬ್ಬರೇ ಅಡಿಗೆಮನೆಯಲ್ಲಿ ಮುಗಿಸಿದರು. ಕಾಗದದ ಕೆಲಸ ಮಾಡಿಸಿ ಒಂದು ವಾರ ಬಿಟ್ಟು ಮತ್ತೆ ಹೋದೆವು. ಅವತ್ತು ಕೀಲಿ ಕೊಡುವಾಗ ಸೋಮಮ್ಮನವರು ಸೀಟಿನ ಮೇಲಿದ್ದ ಗೋಣಿಯ ಮೆತ್ತೆಯನ್ನು ಬಿಚ್ಚಿ ತಾವು ಇಟ್ಟುಕೊಂಡರು. ಎತ್ತು ಮಾರಿದವರು ಎತ್ತು ಕೊಡುತ್ತಾರೆ, ಹಗ್ಗ ಕೊಡುವುದಿಲ್ಲ. ಕೊಂಡವರು ತಮ್ಮ ಹಗ್ಗ ತಾವೇ ತಂದಿರಬೇಕು. ಗಾಡಿಗೂ ಅದೇ ಪದ್ಧತಿ ಎಂದರು. ಬರಿಯ ತಗಡಿನ ಸೀಟು ಬಿಸಿಲಿಗೆ ಕಾದಿತ್ತು. ಅಂದಾನಯ್ಯನವರು ಟವೆಲ್ಲು ಮಡಿಸಿ ಹಾಕಲು ಹೊರಟರು.

ಸರಸಮ್ಮ ತಮ್ಮ ಬಟ್ಟೆಚೀಲ ಬಿಚ್ಚಿದರು. ಒಳಗಿದ್ದದ್ದು ಬುತ್ತಿಯಲ್ಲ. ಹಳೇ ಸೀರೆಗಳನ್ನು ಒತ್ತಿ ಹೊಲಿದ ಹೊಸ ಮೆತ್ತೆ, ನಾಲ್ಕು ಮೂಲೆಗೂ ಕಟ್ಟಲು ದಾರ. ಶ್ರೀರಂಗಪಟ್ಟಣದ ಕೆಂಪು ಟ್ರಾಕ್ಟರಿನ ದಿನದಿಂದಲೂ ಅವರ ತೊಡೆಯ ಮೇಲೆ ಇದ್ದದ್ದು ಅದೇ. ಸೋಮಮ್ಮನವರು ಅದನ್ನು ಮುಟ್ಟಿ ನೋಡಿ, ಮೊದಲೇ ಇದನ್ನ ತೋರಿಸಿದ್ದರೆ ನಿಮ್ಮ ಯಜಮಾನರ ಕೈಲಿ ಹೊಲ ಉಳುಮೆ ಮಾಡಿಸುತ್ತಿರಲಿಲ್ಲವಲ್ಲ ಎಂದರು. ಅದಕ್ಕೇ ತೋರಿಸಲಿಲ್ಲ ಎಂದರು ಸರಸಮ್ಮ.

ಹಿಂದಿರುಗುವಾಗ ಟ್ರಾಕ್ಟರು ಮುಂದೆ, ನನ್ನ ಕಾರು ಹಿಂದೆ. ಸರಸಮ್ಮ ಮಡ್‌ಗಾರ್ಡಿನ ಮೇಲೆ ಕೂತಿದ್ದರು. ಜಕ್ಕನಹಳ್ಳಿ ದಾಟಿ ಪಾಂಡವಪುರ ತಲುಪಿದಾಗ ಟೀ ಅಂಗಡಿಯ ಮುಂದೆ ರಾಮು ನಿಂತಿದ್ದ. ಅವನ ಜೊತೆ ಅಂದಾನಯ್ಯನವರ ಬ್ಯಾಡ ಕೇಳಿಸಿಕೊಂಡ ಇನ್ನೂ ಮೂರು ಜನ. ಎಲ್ಲರೂ ಲೋಟ ಹಿಡಿದುಕೊಂಡೇ ರಸ್ತೆಗೆ ಬಂದರು. ರಾಮು ಟ್ರಾಕ್ಟರನ್ನು ಮೂರು ಸುತ್ತು ಸುತ್ತಿದ. ಟೈರಿನ ಹಲ್ಲು ಬಗ್ಗಿ ನೋಡಿದ. ಹೆಗಲ ಮೇಲೆ ಇಲ್ಲದ ಟವೆಲ್ಲಿನಿಂದ ಕೈ ಒರೆಸಿಕೊಂಡ.

"ಎಂಗದೆ ಮಾವ ಗಾಡಿ?"

ಅಂದಾನಯ್ಯನವರು ಎಲ್ಲರ ಮುಖವನ್ನೂ ನೋಡಿದರು.

"ಗಾಡಿ ಚೆಂದಾಗದೆ ಕಣ್ಲಾ" ಎಂದರು. "ಓಡ್ಸೋನು ಎಂಗವ್ನೆ ಅಂತ ಇನ್ನೂ ನೋಡ್ಬೇಕು."

ಟೀ ಅಂಗಡಿಯವನು ಅವರಿಗೆ ತಾನಾಗಿಯೇ ಟೀ ತಂದು ಕೊಟ್ಟ.

ನಾಲೆಗೆ ನೀರು ಬಂದಾಗ ಬಯಲಿನಲ್ಲಿ ಮೊದಲು ಕೆಸರಾದ ಗದ್ದೆ ಅಂದಾನಯ್ಯನವರದೇ. ಅವತ್ತು ನಾನೂ ಬದುವಿನ ಮೇಲೆ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದೆ. ರಾಮು ತನ್ನ ಗಾಡಿಯನ್ನು ರಸ್ತೆಯಲ್ಲಿ ನಿಲ್ಲಿಸಿ ನೋಡಲು ಬಂದಿದ್ದ. ಅಂದಾನಯ್ಯನವರು ಕೆಸರಿನ ಮಧ್ಯದಿಂದಲೇ ಅವನನ್ನು ಕೂಗಿ ಕರೆದರು. ನಿನ್ನ ಗಾಡಿ ಪರವಾಗಿಲ್ಲ, ಅವತ್ತು ನಾನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ, ಕೆ.ಆರ್.ಪೇಟೆ ಪಾರ್ಟಿಗೆ ಈಗಲೇ ಫೋನು ಮಾಡಿ ಹೂಂ ಅಂತ ಹೇಳುತ್ತೇನೆ ಎಂದರು. ಹೂಂ ಎಂಬ ಮಾತನ್ನು ಅವರು ಬಯಲಿಗೆಲ್ಲ ಕೇಳಿಸುವಂತೆ ಹೇಳಿದರು. ಹೇಳಿದ ಮೇಲೆ ಅವರಿಗೇ ರುಚಿಸಿತೆಂದು ಕಾಣುತ್ತದೆ, ಇನ್ನೊಂದು ಸಲ ಹೇಳಿದರು.

ರಾಮು ತನ್ನ ಟ್ರಾಕ್ಟರಿನ ಕಡೆ ತಿರುಗಿ ನೋಡಿದ.

"ಬ್ಯಾಡ ಬುಡು ಮಾವ" ಎಂದ. "ಅಷ್ಟು ಚೆಂದಾಗಿದ್ರೆ ನಾನ್ಯಾಕ್ ಮಾರ್ಲಿ?"